ಅಜ್ಜಿಯ ಮಂಡಿ, ಮೊಮ್ಮಗುವಿನ ಓಟ

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕರೆನ್ ಅಡಾಲ್ಫ್ ಮಕ್ಕಳ ನಡಿಗೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಿರುವ ವಿಜ್ಞಾನಿ. ಆಟದ ಕೋಣೆಯಲ್ಲಿ ಮಗುವನ್ನು ಅದರ ಪಾಡಿಗೆ ಬಿಟ್ಟು, ವಿಡಿಯೊ ಮಾಡಿ, ಆಮೇಲೆ ಅವರ ತಂಡ ಒಂದೊಂದು ಹೆಜ್ಜೆಯನ್ನೂ ಲೆಕ್ಕ ಹಾಕುತ್ತದೆ. 2012ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ 12ರಿಂದ 19 ತಿಂಗಳ ಮಗು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ, ಸುಮಾರು 700 ಮೀಟರ್ ದೂರ ಸಾಗುತ್ತದೆ. ಇದು ಬರೀ ಒಂದು ಗಂಟೆಯ ಮಾತು. ಮಗು ಎದ್ದಿರುವ ಹೊತ್ತಿನಲ್ಲಿ ಅರ್ಧ ಭಾಗ ಹೀಗೆ ಓಡಾಡಿದರೂ ಸಂಜೆಯ ಹೊತ್ತಿಗೆ ಹತ್ತು ಸಾವಿರ ಹೆಜ್ಜೆ ದಾಟಿರುತ್ತದೆ. ಅದರ ಹಿಂದೆ ಓಡಿದವರ ಹೆಜ್ಜೆಗಳನ್ನು ಯಾರೂ ಎಣಿಸಿಲ್ಲ.

ಅದೇ ತಂಡದ ಇನ್ನೊಂದು ಪ್ರಯೋಗ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಆಟಿಕೆ ತುಂಬಿದ ಕೋಣೆಯಲ್ಲೂ ಏನೂ ಇಲ್ಲದ ಖಾಲಿ ಕೋಣೆಯಲ್ಲೂ ಮಕ್ಕಳನ್ನು ಬಿಟ್ಟು ನೋಡಿದರು. ಎರಡು ಕಡೆಯೂ ಮಕ್ಕಳು ಹೆಚ್ಚುಕಮ್ಮಿ ಅಷ್ಟೇ ನಡೆದರು. ಈ ವಯಸ್ಸಿನ ಮಗು ಯಾವುದೋ ವಸ್ತುವಿಗಾಗಿ ಓಡುವುದಕ್ಕಿಂತ ಹೆಚ್ಚಾಗಿ ನಡೆಯುವ ಸಲುವಾಗಿಯೇ ನಡೆಯುತ್ತದೆ. ಆದ್ದರಿಂದ "ಒಂದು ಕಡೆ ಕೂತ್ಕೊ ಪುಟ್ಟಾ" ಎಂಬ ಮಾತು ಅದರ ಮೇಲೆ ನಡೆಯುವುದಿಲ್ಲ. ಮೆದುಳು ಮತ್ತು ಕಾಲು ಸೇರಿ ಮಾಡುತ್ತಿರುವ ಅಭ್ಯಾಸ ಅದು. ಮಗುವಿನ ಹಟವೂ ಅಲ್ಲ, ಸಾಕುವವರ ಮುದ್ದು ಹೆಚ್ಚಾಗಿದ್ದೂ ಅಲ್ಲ.

ಈ ಓಟಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? 2021ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟು ಮಾಡಿದರು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ ಎಲ್ಲರೂ ಅದರಲ್ಲಿದ್ದರು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ, ವರ್ಷ ತುಂಬುವ ಮಗು ದೊಡ್ಡವರಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಉರಿಸುತ್ತದೆ. ಮನುಷ್ಯನ ಇಡೀ ಆಯುಷ್ಯದಲ್ಲಿ ಒಲೆ ಅಷ್ಟು ಜೋರಾಗಿ ಉರಿಯುವುದು ಆಗ ಮಾತ್ರ. ನಂತರ ಅದು ನಿಧಾನವಾಗಿ ಇಳಿದು, 20ರಿಂದ 60ರವರೆಗೆ ಒಂದೇ ಸಮನಾಗಿದ್ದು, 60ರ ಆಚೆ ವರ್ಷಕ್ಕೆ ಶೇಕಡ 0.7ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಅಪ್ಪ ಅಮ್ಮ ಕೆಲಸಕ್ಕೆ ಹೊರಟ ಮೇಲೆ ಮನೆಯಲ್ಲಿ ಉಳಿಯುವ ಇಬ್ಬರು ಮೂವರನ್ನು ಈ ನಕ್ಷೆಯ ಮೇಲೆ ಗುರುತು ಮಾಡಿದರೆ ಒಂದು ಜೀವ ರೇಖೆಯ ತುತ್ತತುದಿಯಲ್ಲಿದೆ, ಉಳಿದವರು ಇಳಿಜಾರಿನಲ್ಲಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಹಾಸನ, ಶಿವಮೊಗ್ಗ, ಧಾರವಾಡಗಳಿಂದ ಮೊಮ್ಮಗುವಿಗಾಗಿ ಬಂದು ನಿಂತ ಹಿರಿಯರು ಸಂಜೆ ಏಳಕ್ಕೆ ಸೋಫಾದ ಮೇಲೆ ಕುಸಿದು ಕೂರುವುದಕ್ಕೆ ಈ ನಕ್ಷೆಯೇ ಸಾಕಷ್ಟು ಕಾರಣ ಕೊಡುತ್ತದೆ.

ಹಾಗಿದ್ದರೆ ಪ್ರಕೃತಿ ಇಂಥ ಅಸಮ ಜೋಡಿಯನ್ನೇಕೆ ಕಟ್ಟಿತು ಎಂದು ಕೇಳಬೇಕಾಗುತ್ತದೆ. ಇದಕ್ಕೆ ಬಂದಿರುವ ಉತ್ತರಗಳಲ್ಲಿ ಬಹಳ ಚರ್ಚೆಗೊಳಗಾದದ್ದು ಟಾಂಜಾನಿಯಾದ ಎಯಾಸಿ ಸರೋವರದ ಸುತ್ತಲಿನ ಹಾಡ್ಜಾ ಜನರ ನಡುವಿನಿಂದ ಬಂತು. ಬೇಟೆ, ಜೇನು, ಹಣ್ಣು, ಗೆಡ್ಡೆಗಳನ್ನು ನಂಬಿ ಬದುಕುವ ಈ ಜನರ ಜೊತೆ 1980ರ ದಶಕದಲ್ಲಿ ಕ್ರಿಸ್ಟನ್ ಹಾಕ್ಸ್, ಜೇಮ್ಸ್ ಓಕಾನೆಲ್, ನಿಕೋಲಸ್ ಬ್ಲರ್ಟನ್ ಜೋನ್ಸ್ ಕೆಲಸ ಮಾಡಿದರು. ಯಾರು ಎಷ್ಟು ಹೊತ್ತು ಆಹಾರ ಹುಡುಕುತ್ತಾರೆ, ಎಷ್ಟು ತರುತ್ತಾರೆ ಎಂದು ಅಳೆದಾಗ, ಗಟ್ಟಿ ನೆಲದಿಂದ ಗೆಡ್ಡೆ ಅಗೆಯುವುದರಲ್ಲಿ ಮುಂದಿದ್ದವರು ಮುಟ್ಟು ನಿಂತ ಹಿರಿಯ ಹೆಂಗಸರು. ಮಕ್ಕಳ ತೂಕವನ್ನೂ ಅವರು ಗಮನಿಸಿದರು. ಸಾಮಾನ್ಯ ದಿನಗಳಲ್ಲಿ ಮಗುವಿನ ತೂಕ ಅದರ ತಾಯಿ ಎಷ್ಟು ದುಡಿಯುತ್ತಾಳೆ ಎಂಬುದನ್ನು ಅನುಸರಿಸಿ ಏರುತ್ತಿತ್ತು. ತಾಯಿಯ ಮಡಿಲಿಗೆ ಇನ್ನೊಂದು ಕೂಸು ಬಂದ ಕೂಡಲೇ ಲೆಕ್ಕ ಬದಲಾಗುತ್ತಿತ್ತು. ಆಗ ದೊಡ್ಡ ಮಗುವಿನ ತೂಕ ಅಜ್ಜಿಯ ದುಡಿಮೆಯನ್ನು ಅನುಸರಿಸತೊಡಗುತ್ತಿತ್ತು.

ಇಲ್ಲಿ ಒಂದು ಹೋಲಿಕೆ ಅಗತ್ಯ. ಚಿಂಪಾಂಜಿ ತಾಯಿ ತನ್ನ ಮರಿಗೆ ನಾಲ್ಕೈದು ವರ್ಷ ಹಾಲೂಡುತ್ತಾಳೆ. ಆ ಮರಿ ತನ್ನ ಹೊಟ್ಟೆ ತಾನು ನೋಡಿಕೊಳ್ಳುವ ತನಕ ಇನ್ನೊಂದನ್ನು ಹೆರುವುದಿಲ್ಲ. ಮನುಷ್ಯರ ತಾಯಿ ಹಾಗಲ್ಲ. ಹಾಲು ಬಿಟ್ಟ, ಆದರೆ ತಾನಾಗಿ ಉಣ್ಣಲು ಬಾರದ, ಓಡಬಲ್ಲ, ಆದರೆ ಅಪಾಯ ತಿಳಿಯದ ಮಗು ಕೈಯಲ್ಲಿರುವಾಗಲೇ ಮುಂದಿನ ಬಸುರಿಗೆ ಸಿದ್ಧಳಾಗುತ್ತಾಳೆ. ಅಂದರೆ ದಟ್ಟಡಿ ಇಡುವ ಮಗು ಮನುಷ್ಯ ಕುಲದಲ್ಲಿ ಯಾವಾಗಲೂ ಎರಡನೆಯವರ ಕೈಗೆ ಬೀಳುವ ಮಗುವೇ. ಆ ಎರಡನೆಯ ಕೈ ಅಜ್ಜಿಯದಾದ ಕಡೆ ವಂಶ ಬೆಳೆಯಿತು, ಹೆರುವ ವಯಸ್ಸು ಮುಗಿದ ಮೇಲೂ ಹೆಣ್ಣು ದಶಕಗಟ್ಟಲೆ ಗಟ್ಟಿಯಾಗಿ ಬದುಕುವ ಗುಣ ಹಾಗೆ ನೆಲೆಯೂರಿತು ಎಂಬುದು ಹಾಕ್ಸ್ ಅವರ ವಾದ. ಮುಟ್ಟು ನಿಲ್ಲುವುದರ ಹಿಂದೆ ಇಂಥ ಲಾಭವಿರಬಹುದೆಂದು 1957ರಲ್ಲೇ ಜಾರ್ಜ್ ವಿಲಿಯಮ್ಸ್ ಸೂಚಿಸಿದ್ದರು. ಮುಟ್ಟು ನಿಲ್ಲುವುದು ವಿಕಾಸಗೊಂಡ ಬಗೆಯನ್ನು ಕುರಿತು ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಅಜ್ಜಿಯ ನೆರವು ಮಗುವನ್ನು ಉಳಿಸುತ್ತದೆ ಎಂಬುದಕ್ಕೆ ಮಾತ್ರ ದಾಖಲೆಗಳೇ ಇವೆ.

ಅಂಥ ದಾಖಲೆಗಳಲ್ಲಿ ಬಹಳ ಬೆಲೆಯುಳ್ಳದ್ದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದ್ದು. ಇಯಾನ್ ಮೆಕ್‌ಗ್ರೆಗರ್ ಎಂಬ ವೈದ್ಯರು 1950ರಿಂದ ನಾಲ್ಕು ಹಳ್ಳಿಗಳ ಹುಟ್ಟು, ಸಾವು, ಮಕ್ಕಳ ಎತ್ತರ, ತೂಕಗಳನ್ನು ಬಿಡದೆ ಬರೆದಿಟ್ಟರು. ಆಧುನಿಕ ಚಿಕಿತ್ಸೆ ಇನ್ನೂ ಅಲ್ಲಿಗೆ ತಲುಪದ ಕಾಲ ಅದು. ಎಷ್ಟೋ ವರ್ಷಗಳ ನಂತರ ರೆಬೆಕಾ ಸಿಯರ್ ಮತ್ತು ರೂತ್ ಮೇಸ್ ಆ ಪುಸ್ತಕಗಳನ್ನು ತೆರೆದು ನೋಡಿದಾಗ, ತಾಯಿಯ ತಾಯಿ ಬದುಕಿದ್ದ ಮಕ್ಕಳು ಬದುಕುಳಿಯುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚಿತ್ತು. ಈ ಪರಿಣಾಮ ಎದ್ದು ಕಂಡದ್ದು ಎದೆಹಾಲಿನ ಕೂಸುಗಳಲ್ಲಲ್ಲ, ಹಾಲು ಬಿಡುವ, ನಡೆಯಲು ಕಲಿತ ಮಕ್ಕಳಲ್ಲಿ. ಬಾಣಂತನಕ್ಕೆ ಮಗಳನ್ನು ತವರಿಗೆ ಕರೆತರುವ ನಮ್ಮ ಪದ್ಧತಿಗೆ ಇದು ಒಂದು ಮಟ್ಟಿನ ಬೆಂಬಲ. ಆದರೆ ಕೂಸಿಗೆ ಐದು ತಿಂಗಳಾದಾಗ ಮಗಳನ್ನು ಕಳಿಸಿಕೊಟ್ಟು ಬಾಣಂತನ ಮುಗಿಯಿತು ಎನ್ನುತ್ತೇವೆ. ಗ್ಯಾಂಬಿಯಾದ ಲೆಕ್ಕ ನೋಡಿದರೆ ಅಜ್ಜಿಯ ನಿಜವಾದ ಕೆಲಸ ಶುರುವಾಗುವುದು ಅದಾದ ಮೇಲೆ.

ಇಂಥದ್ದೇ ಕಥೆಯನ್ನು ಬೇರೆ ಪ್ರಾಣಿಗಳೂ ಹೇಳುತ್ತವೆ. ಮ್ಯಾನ್ಮಾರ್‌ನ ಮರ ಸಾಗಿಸುವ ಆನೆಗಳ ದಾಖಲೆಯಲ್ಲಿ, 20 ವರ್ಷ ತುಂಬದ ತಾಯಾನೆಗಳ ಮರಿಗಳು ಅಜ್ಜಿಯ ಜೊತೆಗಿದ್ದರೆ ಸಾಯುವ ಅಪಾಯ ಎಂಟು ಪಟ್ಟು ಕಡಿಮೆ ಇತ್ತು. ಪೆಸಿಫಿಕ್ ಕರಾವಳಿಯ ಓರ್ಕಾ ತಿಮಿಂಗಿಲಗಳಲ್ಲಿ ಅಜ್ಜಿ ಸತ್ತ ಮುಂದಿನ ಎರಡು ವರ್ಷ ಮೊಮ್ಮರಿಗಳಿಗೆ ಗಂಡಾಂತರ.

ರಾತ್ರಿಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. 33 ಮಂದಿ ಹಾಡ್ಜಾ ಹಿರಿಕಿರಿಯರ ಕೈಗೆ ನಿದ್ರೆ ಅಳೆಯುವ ಸಾಧನ ಕಟ್ಟಿ ಸುಮಾರು 20 ದಿನ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಅಷ್ಟೂ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ನಿದ್ದೆಯಲ್ಲಿದ್ದ ಹೊತ್ತು ಕೂಡಿಸಿದರೆ 18 ನಿಮಿಷ. ವಯಸ್ಸಾದವರು ಬೇಗ ಮಲಗಿ ಬೇಗ ಏಳುತ್ತಾರೆ, ನಡುವೆ ಎಚ್ಚರಾಗುತ್ತಾರೆ. ಕಿರಿಯರು ತಡವಾಗಿ ಮಲಗುತ್ತಾರೆ. ಹೀಗೆ ಗುಂಪಿಗೆ ರಾತ್ರಿಯಿಡೀ ಯಾರಾದರೊಬ್ಬರ ಕಾವಲು ಸಿಗುತ್ತಿತ್ತು. ನಾಲ್ಕೂವರೆಗೆ ಎದ್ದು ಕೂರುವ ತಾತನಿಗೆ ಮನೆಯವರು ನಿದ್ರೆಯ ಮಾತ್ರೆಯ ಮಾತೆತ್ತುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು. ಐದಕ್ಕೆ ಎದ್ದು ಕೂಗುವ ಮಗುವಿಗೆ ಮೊದಲು ಓಗೊಡುವವರು ಅವರೇ.

ಇನ್ನು ಮೈಯ ಮಾತು. ವರ್ಷ ತುಂಬಿದ ಮಗು ಒಂಬತ್ತು, ಒಂಬತ್ತೂವರೆ ಕಿಲೊ ಇರುತ್ತದೆ, ಎರಡಕ್ಕೆ ಹನ್ನೆರಡು. ಗ್ಯಾಸ್ ಸಿಲಿಂಡರ್ ಎತ್ತಬೇಡಿ ಎಂದು ತಾಯಿಗೆ ಎಚ್ಚರಿಸುವ ಮಕ್ಕಳೇ ಈ ತೂಕವನ್ನು ದಿನಕ್ಕೆ ಅದೆಷ್ಟೋ ಸಲ ನೆಲದಿಂದ ಎತ್ತಿಸುತ್ತಾರೆ, ಅದೂ ಒದ್ದಾಡುವ ತೂಕ. ವಯಸ್ಸಾದಂತೆ ಸ್ನಾಯುವಿನ ಗಾತ್ರಕ್ಕಿಂತ ಬಲ ಬೇಗ ಕುಗ್ಗುತ್ತದೆ. ಅದರಲ್ಲೂ ಥಟ್ಟನೆ ಕೆಲಸಕ್ಕೆ ಬರುವ ವೇಗದ ಎಳೆಗಳು ಮೊದಲು ಸೊರಗುತ್ತವೆ. ನಿಧಾನವಾಗಿ ಎರಡು ಕಿಲೊಮೀಟರ್ ನಡೆಯಬಲ್ಲ ಅಜ್ಜಿಗೆ, ಬಾಗಿಲತ್ತ ಓಡಿದ ಮಗುವನ್ನು ಹಿಡಿಯಲು ಬೇಕಾದ ಮೂರು ಹೆಜ್ಜೆಯ ನೆಗೆತ ಆಗದಿರುವುದು ಇದರಿಂದ. ಬಾಗಿ, ತೋಳು ಚಾಚಿ ಎತ್ತಿದಾಗ ಭಾರ ಬೆನ್ನಿನಿಂದ ದೂರವಿರುತ್ತದೆ. ದೂರ ಹೆಚ್ಚಿದಷ್ಟೂ ಸೊಂಟದ ಕೀಲುಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಮಗುವನ್ನು ಮೊದಲು ಹತ್ತಿರಕ್ಕೆ ಕರೆದು, ಮೈಗೆ ಒತ್ತಿಕೊಂಡು, ಆಮೇಲೆ ಏಳುವುದರಲ್ಲಿ ಬಹಳ ವ್ಯತ್ಯಾಸವಿದೆ. ಇನ್ನೂ ಒಳ್ಳೆಯದೆಂದರೆ ಅಜ್ಜಿ ಮಂಚದ ಮೇಲೆ ಕೂತಿರುವುದು, ಗಟ್ಟಿಯಾದ ಮಣೆಯೊಂದನ್ನು ಹತ್ತಿ ಮಗುವೇ ತೊಡೆಯೇರುವುದು. ಹತ್ತುವುದೆಂದರೆ ಅದಕ್ಕೆ ಹೇಗೂ ಇಷ್ಟ.

ಮೆಟ್ಟಿಲ ವಿಷಯದಲ್ಲಿ ಅಡಾಲ್ಫ್ ಅವರಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಅಂಬೆಗಾಲಿನಲ್ಲಿ ಪಳಗಿದ ಮಗು ಕಡಿದಾದ ಇಳಿಜಾರು ಕಂಡರೆ ನಿಲ್ಲುತ್ತದೆ. ಅದೇ ಮಗು ನಡೆಯತೊಡಗಿದ ಹೊಸತರಲ್ಲಿ ಅದೇ ಇಳಿಜಾರಿಗೆ ನೇರ ಕಾಲಿಡುತ್ತದೆ. ಅಂಬೆಗಾಲಿನಲ್ಲಿ ಕಲಿತ ಎಚ್ಚರ ನಡಿಗೆಗೆ ತಾನಾಗಿ ದಾಟುವುದಿಲ್ಲ, ಮತ್ತೆ ಮೊದಲಿನಿಂದ ಕಲಿಯಬೇಕು. "ನಮ್ ಪುಟ್ಟಿ ಮೆಟ್ಟಿಲ ಹತ್ರ ಹೋಗಲ್ಲ" ಎಂಬ ಭರವಸೆ ತುಂಬ ಅಪಾಯಕಾರಿಯಾಗುವುದು ನಡಿಗೆ ಬಂದ ಮೊದಲ ವಾರಗಳಲ್ಲಿ. ಮೆಟ್ಟಿಲಿಗೆ ಅಡ್ಡ ಬಾಗಿಲು ಬೇಕಾದದ್ದು ಆಗ. ಉಳಿದ ಸಣ್ಣಪುಟ್ಟ ಬೀಳುವಿಕೆಗೆ ಅಜ್ಜಿ ತಾತ ಎದೆ ಒಡೆದುಕೊಳ್ಳಬೇಕಿಲ್ಲ. ಗಂಟೆಗೆ 17 ಸಲ ಬೀಳುವ ಮಗು ಕುಳ್ಳು, ಹಗುರ. ಬಿದ್ದದ್ದರಲ್ಲಿ ಬಹುಪಾಲು ಅದಕ್ಕೆ ಗೊತ್ತೂ ಆಗುವುದಿಲ್ಲ. ಸಂಜೆ ಮಗಳು ಬಂದು ಹಣೆಯ ಬುಗುಟು ನೋಡಿ ಮುಖ ಸಣ್ಣದು ಮಾಡಿದಾಗ ಹಿರಿಯರಿಗಾಗುವ ನೋವು ಮಾತ್ರ ದೊಡ್ಡದು. ಆ ಬುಗುಟು ಅಲಕ್ಷ್ಯದ ಗುರುತಲ್ಲ ಎಂದು ದುಡಿಯುವ ಅಪ್ಪ ಅಮ್ಮಂದಿರಿಗೆ ನಾನು ಒತ್ತಿ ಹೇಳುತ್ತೇನೆ.

ಹೆದರಬೇಕಾದ ವಸ್ತುಗಳು ಬೇರೆ, ಅವು ಸದ್ದಿಲ್ಲದವು. ಹಿರಿಯರಿರುವ ಮನೆಯಲ್ಲಿ ಮೊದಲನೆಯದು ಅವರದೇ ಮಾತ್ರೆ. ಶುಗರ್‌ಗೆ ಕೊಡುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅದೂ ಕೆಲವು ಗಂಟೆ ತಡವಾಗಿ ಕುಸಿಯಬಹುದು. ಆದ್ದರಿಂದ "ಆಡ್ತಾ ಇದೆ, ಏನೂ ಆಗಿಲ್ಲ" ಎಂದು ಮನೆಯಲ್ಲಿ ಕಾಯುವಂತಿಲ್ಲ. ಸ್ಟ್ರಿಪ್ಪನ್ನೂ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಬಿಪಿಯ ಆಮ್ಲೋಡಿಪಿನ್ ಗುಂಪೂ ಇಷ್ಟೇ ಅಪಾಯಕಾರಿ. ಮರೆಯಬಾರದೆಂದು ದಿಂಬಿನ ಪಕ್ಕ, ಊಟದ ಮೇಜಿನ ಮೇಲೆ ಇಟ್ಟುಕೊಳ್ಳುವ ವಾರದ ಮಾತ್ರೆ ಡಬ್ಬಿ ಮಗುವಿಗೆ ಗಿಲಕಿಯಂತೆ ಕೇಳಿಸುತ್ತದೆ, ತೆರೆಯುವುದೂ ಸುಲಭ. ಅದರ ಜಾಗ ಬೀಗವಿರುವ ಬೀರು.

ಎರಡನೆಯದು ಎಲೆ ಅಡಿಕೆಯ ತಟ್ಟೆ. ಸುಣ್ಣದ ಪುಟ್ಟ ಪ್ಯಾಕೆಟ್ಟನ್ನು ಮಗು ಹಿಸುಕಿ, ಅದು ಒಡೆದು ಕಣ್ಣಿಗೆ ಸಿಡಿದ ಪ್ರಕರಣಗಳನ್ನು ಭಾರತದ ಕಣ್ಣಿನ ವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಸುಣ್ಣ ಕ್ಷಾರ. ಕಣ್ಣಿನ ಪದರಗಳನ್ನು ಕರಗಿಸುತ್ತಾ ಒಳಗಿಳಿಯುತ್ತದೆ. ಆ ಕ್ಷಣ ಮಾಡಬೇಕಾದದ್ದು ಧಾರಾಳವಾದ ಶುದ್ಧ ನೀರಿನಿಂದ ಅರ್ಧ ಗಂಟೆ ಬಿಡದೆ ತೊಳೆಯುವುದು, ಆಮೇಲೆ ಆಸ್ಪತ್ರೆ. ಎದೆಹಾಲು, ಎಣ್ಣೆ, ತುಪ್ಪ ಏನನ್ನೂ ಹಾಕಬಾರದು. ಅಡಿಕೆ ಚೂರು, ಕಡಲೆಬೀಜಗಳ ಅಪಾಯ ಇನ್ನೊಂದು ಬಗೆಯದು. ಅಗಿಯುವ ಹಿಂದಿನ ದವಡೆ ಹಲ್ಲುಗಳು ಪೂರ್ತಿ ಬರಲು ಎರಡು, ಎರಡೂವರೆ ವರ್ಷ ಬೇಕು. ಅಲ್ಲಿಯವರೆಗೆ ಮಾತ್ರವಲ್ಲ, ಆಮೇಲೂ ಕೆಲಕಾಲ ಕಡಲೆಬೀಜ ಜಾರಿ ಶ್ವಾಸನಾಳಕ್ಕೆ ಇಳಿಯಬಹುದು. ಥಟ್ಟನೆ ಬಂದ ಕೆಮ್ಮು ನಿಂತು, ಕೆಲವು ದಿನಗಳ ನಂತರ ಉಬ್ಬಸದಂತೆ ಕಾಣಿಸಿಕೊಂಡಾಗ ಮನೆಯವರು ಅದನ್ನು ನೆಗಡಿ ಎಂದುಕೊಳ್ಳುತ್ತಾರೆ. "ಕಡಲೆಬೀಜ ತಿಂತಿದ್ದಾಗ ಕೆಮ್ಮಿತ್ತು" ಎಂಬ ಅಜ್ಜಿಯ ಒಂದು ಮಾತು ವೈದ್ಯರಿಗೆ ಇಡೀ ರೋಗವನ್ನು ತೋರಿಸುತ್ತದೆ. ಬೈಸಿಕೊಳ್ಳುವ ಭಯಕ್ಕೆ ಆ ಮಾತು ಬಾಯೊಳಗೇ ಉಳಿಯಬಾರದು.

ಬಚ್ಚಲಿನ ಬಕೆಟ್ ಮೂರನೆಯದು. ಈ ವಯಸ್ಸಿನಲ್ಲಿ ತಲೆಯೇ ಭಾರ. ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ತೋಳಿನ ಬಲದಿಂದ ಮೇಲೇಳಲಾರದು, ಕೂಗಲೂ ಆಗದು. ಕೆಲವೇ ಅಂಗುಲ ನೀರು ಸಾಕು. ನೀರು ಬಿಡುವ ಹೊತ್ತಿಗೆ ತುಂಬಿಸಿಡುವ ಅಭ್ಯಾಸವಿರುವ ನಮ್ಮ ಮನೆಗಳಲ್ಲಿ ಬಚ್ಚಲ ಬಾಗಿಲಿನ ಹೊರಚಿಲಕ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ, ಸದಾ ಹಾಕಿರಬೇಕು. ಕೊನೆಯದು ರಿಮೋಟು, ಆಟಿಕೆಗಳ ಗುಂಡಿ ಬ್ಯಾಟರಿ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು.

ಇಷ್ಟೆಲ್ಲ ಕಾವಲಿನ ನಡುವೆ ಅಜ್ಜಿ ತಾತ ಮಗುವಿಗೆ ಕೊಡುತ್ತಿರುವುದೇನು? ಎಮೊರಿ ವಿಶ್ವವಿದ್ಯಾಲಯದ ಜೇಮ್ಸ್ ರಿಲ್ಲಿಂಗ್ 2021ರಲ್ಲಿ 50 ಅಜ್ಜಿಯರ ಮೆದುಳನ್ನು ಸ್ಕ್ಯಾನ್ ಮಾಡಿದರು. ಮೊಮ್ಮಗುವಿನ ಚಿತ್ರ ತೋರಿಸಿದಾಗ ಇನ್ನೊಬ್ಬರ ಭಾವವನ್ನು ತಾನೇ ಅನುಭವಿಸುವ ಭಾಗಗಳು ಚುರುಕಾದವು. ತಮ್ಮದೇ ಬೆಳೆದ ಮಗ ಅಥವಾ ಮಗಳ ಚಿತ್ರಕ್ಕೆ, ಅವರು ಏನು ಯೋಚಿಸುತ್ತಿರಬಹುದು ಎಂದು ಅರ್ಥ ಮಾಡಿಕೊಳ್ಳಲು ಯತ್ನಿಸುವ ಭಾಗಗಳು ಹೆಚ್ಚು ಕೆಲಸ ಮಾಡಿದವು. ಮಗು ನಕ್ಕರೆ ಅಜ್ಜಿಯೂ ನಗುವ, ಅತ್ತರೆ ಅವಳ ಹೊಟ್ಟೆಯೂ ಹಿಂಡುವ ಈ ಸ್ಪಂದನ ಮಗುವಿನ ಮಾತು ಬೆಳೆಯುವ ನೆಲ. ಈ ವಯಸ್ಸಿನ ಮಗು ಮಾತು ಕಲಿಯುವುದು ತಾನು ತೋರಿಸಿದ್ದಕ್ಕೆ, ತೊದಲಿದ್ದಕ್ಕೆ ಆ ಕ್ಷಣವೇ ಉತ್ತರ ಕೊಡುವ ಮನುಷ್ಯರಿಂದ. ಮಗು "ಕಾ" ಎಂದಾಗ "ಹೂಂ ಕಣೋ, ಕಾಗೆ, ನೋಡು ಕರೆಂಟ್ ಕಂಬದ ಮೇಲೆ ಕೂತಿದೆ" ಎನ್ನುವ ಅಜ್ಜಿಯ ಕೆಲಸವನ್ನು ಫೋನಿನಲ್ಲಿ ತಾನೇ ಓಡುವ ವಿಡಿಯೊ ಮಾಡಲಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುವುದು ಇದಕ್ಕಾಗಿ. ವಿಡಿಯೊ ಕರೆಗೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ, ಕಾರಣವೂ ಇದೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎರಡು, ಎರಡೂವರೆ ವರ್ಷದ ಮಕ್ಕಳು ಮೊದಲೇ ಮುದ್ರಿಸಿದ ವಿಡಿಯೊದಿಂದ ಹೊಸ ಪದ ಕಲಿಯಲಿಲ್ಲ. ಪರದೆಯ ಆಚೆಯಿಂದ ಅದೇ ವ್ಯಕ್ತಿ ಪ್ರತಿಕ್ರಿಯಿಸುತ್ತಾ ಮಾತಾಡಿದಾಗ ಕಲಿತರು. ಆರು ತಿಂಗಳ ವಾಸ ಮುಗಿಸಿ ಡಲ್ಲಾಸಿನಿಂದಲೋ ನ್ಯೂಜೆರ್ಸಿಯಿಂದಲೋ ಮೈಸೂರಿಗೆ ಮರಳಿದ ಅಜ್ಜಿ ತಾತಂದಿರಿಗೆ ಇದು ನಿಜವಾದ ಸಮಾಧಾನ. ರಾತ್ರಿ ಒಂಬತ್ತರ ಆ ಕರೆಯಲ್ಲಿ ಮಗುವಿಗೆ ಕನ್ನಡ ಸಿಗುತ್ತಿದೆ.

ಆದರೆ ಅಜ್ಜಿಗೆ ಏನು ಸಿಗುತ್ತಿದೆ ಎಂಬುದನ್ನು ನಾವು ಅಷ್ಟು ಆಸ್ಥೆಯಿಂದ ಕೇಳಿಲ್ಲ. ಬರ್ಲಿನ್ನಿನಲ್ಲಿ 70 ದಾಟಿದ ಐನೂರಕ್ಕೂ ಹೆಚ್ಚು ಜನರನ್ನು 1990ರಿಂದ ಸುಮಾರು ಎರಡು ದಶಕ ಅನುಸರಿಸಿದ ಅಧ್ಯಯನದಲ್ಲಿ, ಆಗಾಗ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರ ಸಾವಿನ ಅಪಾಯ ಹಾಗೆ ನೋಡಿಕೊಳ್ಳದವರಿಗಿಂತ ಶೇಕಡ 37ರಷ್ಟು ಕಡಿಮೆ ಇತ್ತು. ಗಟ್ಟಿಮುಟ್ಟಾದವರೇ ಮಗು ನೋಡಿಕೊಳ್ಳಲು ಮುಂದಾಗಿರಬಹುದು. ಸಂಶೋಧಕರು ಆರೋಗ್ಯದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ ಆ ಅನುಮಾನ ಪೂರ್ತಿ ಹೋಗುವುದಿಲ್ಲ. ಆಸ್ಟ್ರೇಲಿಯಾದ 186 ಹೆಂಗಸರ ಇನ್ನೊಂದು ಸಣ್ಣ ಅಧ್ಯಯನ 2014ರಲ್ಲಿ ಬಂತು. ವಾರಕ್ಕೆ ಒಂದು ದಿನ ಮೊಮ್ಮಕ್ಕಳನ್ನು ನೋಡಿಕೊಂಡವರು ಮೆದುಳಿನ ಪರೀಕ್ಷೆಗಳಲ್ಲಿ ಎಲ್ಲರಿಗಿಂತ ಮುಂದಿದ್ದರು. ಐದು ದಿನ ಅಥವಾ ಹೆಚ್ಚು ನೋಡಿಕೊಂಡವರು ಮೆದುಳಿನ ವೇಗ ಅಳೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಇದೊಂದರಿಂದಲೇ ತೀರ್ಪು ಕೊಡಲಾಗದು. ಆದರೆ ಹಾಡ್ಜಾ ಬಿಡಾರವನ್ನು ನೆನೆದರೆ ಈ ಫಲಿತಾಂಶ ಅಚ್ಚರಿಯದಲ್ಲ. ಅಲ್ಲಿ ಅಜ್ಜಿಯ ಜೊತೆಗೆ ಅಕ್ಕಂದಿರು, ಚಿಕ್ಕಮ್ಮಂದಿರು, ನೆರೆಯವರು ಇರುತ್ತಾರೆ. ನಮ್ಮ ದೇಹ ಹೊಂದಿಕೊಂಡಿರುವುದು ಹಲವು ಕೈಗಳಲ್ಲಿ ಒಂದಾಗಿರಲು. ಏಳನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಏಕೈಕ ಕೈಯಾಗಿರಲು ಅಲ್ಲ.

ಕಾನೂನು ಮತ್ತು ಸೌಕರ್ಯಗಳ ಲೆಕ್ಕವನ್ನೂ ಇದರ ಪಕ್ಕದಲ್ಲಿಡೋಣ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಅಂದರೆ ಆರು ತಿಂಗಳು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಶುರುವಾಗುವುದು ಮಗುವಿಗೆ ಮೂರು ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗು ತೆವಳುತ್ತದೆ, ನಡೆಯುತ್ತದೆ, ಓಡುತ್ತದೆ, ಹತ್ತುತ್ತದೆ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರದ ಸೌಲಭ್ಯ ಇರಬೇಕೆಂದು ಅದೇ ತಿದ್ದುಪಡಿ ಹೇಳಿತು. ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಯ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ 2023ರಲ್ಲಿ 'ಕೂಸಿನ ಮನೆ' ತೆರೆಯತೊಡಗಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಸಣ್ಣ ಅಂಗಡಿ, ಗಾರ್ಮೆಂಟ್ಸಿನ ಉಪಗುತ್ತಿಗೆ, ಮನೆಗೆಲಸಗಳಲ್ಲಿರುವ ನಗರದ ಹೆಂಗಸರಿಗೆ ಇವೆರಡೂ ದಕ್ಕುವುದು ಕಷ್ಟ. ಆ ಎರಡೂವರೆ ವರ್ಷವನ್ನು ಹೊರುತ್ತಿರುವುದು 60 ದಾಟಿದ ಬೆನ್ನುಗಳು, ಸಂಬಳವಿಲ್ಲದೆ, ರಜೆಯಿಲ್ಲದೆ.

ಮನೆಯ ಮಟ್ಟದಲ್ಲಿ ಇವತ್ತೇ ಬದಲಿಸಬಹುದಾದದ್ದೂ ಉಂಟು. ವಾರದಲ್ಲಿ ಒಂದು ಪೂರ್ತಿ ದಿನ ಅವರದಾಗಿರಬೇಕು. ಮಗುವಿನ ಮಧ್ಯಾಹ್ನದ ನಿದ್ದೆಯ ಹೊತ್ತು ಪಾತ್ರೆ, ಬಟ್ಟೆಗೆ ಹೋಗದೆ ಅವರ ಬೆನ್ನಿಗೆ ಸಿಗಬೇಕು. ಸಂಜೆ ನಾಲ್ಕರಿಂದ ಆರರವರೆಗೆ, ಇಬ್ಬರಿಗೂ ದಣಿವು ಏರಿ ಮಗು ರಚ್ಚೆ ಹಿಡಿಯುವ ಹೊತ್ತಿಗೆ, ಇನ್ನೊಂದು ಕೈ ಬರುವಂತಾಗಬೇಕು. ಪಕ್ಕದ ಮನೆಯ ಕಾಲೇಜು ಹುಡುಗಿಯಾದರೂ ಸರಿ, ಸಂಬಳಕ್ಕೆ ಬರುವ ಸಹಾಯಕಿಯಾದರೂ ಸರಿ. ಮತ್ತೆ, ಮಗುವಿನ ಲಸಿಕೆಯ ತಾರೀಖು ತಪ್ಪದ ಮನೆಗಳಲ್ಲೇ "ಮಗು ಸ್ವಲ್ಪ ದೊಡ್ಡದಾಗ್ಲಿ" ಎಂದು ಅಜ್ಜಿಯ ಕಣ್ಣಿನ ಪೊರೆಯ ಆಪರೇಷನ್ ವರ್ಷಗಟ್ಟಲೆ ಮುಂದಕ್ಕೆ ಹೋಗುವುದನ್ನು ನಾನು ಕಂಡಿದ್ದೇನೆ. ಪೊರೆ ಬಂದ ಕಣ್ಣಿಗೆ ನೆಲದ ಮೇಲೆ ಬಿದ್ದ ಬಿಳಿ ಮಾತ್ರೆ ಕಾಣುವುದಿಲ್ಲ, ಮಗುವನ್ನೆತ್ತಿಕೊಂಡು ಇಳಿಯುವಾಗ ಕೊನೆಯ ಮೆಟ್ಟಿಲೂ ಕಾಣುವುದಿಲ್ಲ. ಮುಂದಿನ ಲಸಿಕೆಗೆ ಹೋಗುವ ದಿನವೇ ಕಣ್ಣಿನ ಡಾಕ್ಟರ ಬಳಿಯೂ ಸಮಯ ಗೊತ್ತು ಮಾಡಿ, ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ.